ಕಪ್ಪಿನ ಬೆಲೆ

ಗೋಡೆಗೆ ನಾಲ್ಕು ತೂತು ಕೊರೆದು
ಬಾಯಿಗೆ ಬಿದ್ದ ಸುಣ್ಣದ ಧೂಳು ಉಗುಳಿ
ಹಾಳೆಯಂಥ ಟಿವಿ ತೂಗುಹಾಕಿದೆ.
ಬೀದರ, ಚೌಬಾರಾದ ಹಿಂದಿನ ಓಣಿ,
ಖಮರುನ್ನೀಸಾಳ ಮನೆ. ಅಳಿಯ ಕಂತಿನ ಮೇಲೆ ತಂದದ್ದು.
ಕಂಪನಿ ಕಲಿಸಿದ್ದನ್ನೇ ಒಪ್ಪಿಸಿದೆ:
'ಇದರ ವಿಶೇಷ ಬಣ್ಣ ಅಲ್ಲ, ಕಪ್ಪು.
ಇಂಥ ಕಪ್ಪು ಹಳೇ ಟಿವಿಯೊಳಗ ಇರಲಿಲ್ಲ.'

ಕಪ್ಪು ಅಂದದ್ದೇ ತಡ
ಒಳಕೋಣೆಯಿಂದ ಎದ್ದು ಬಂದಳು,
ಬೆರಳ ಸಂದಿಯಲ್ಲಿ ಬೆಳ್ಳಿ ತಂತಿಯ ತುಣುಕು,
ಉಗುರಲ್ಲಿ ನಲವತ್ತು ವರ್ಷದ ಮಸಿ.
ತೆರೆಯ ತುಂಬ ರಾತ್ರಿ, ನಡುವೆ ಒಂದೇ ಹಣತೆ.
ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು.
'ಖರೇನ ಛಲೋ ಅದ. ಎಲ್ಲಿಂದ ತಂದಾರ?
ನಾವು ಕೋಟಿಯೊಳಗಿನ ಮಣ್ಣು ತರ್ತೀವಿ,
ಬಿಸಿಲು ಕಾಣದ್ದು, ಮಳಿ ಕಾಣದ್ದು.
ನಾಲಿಗಿಗೆ ಹಚ್ಚಿದ್ರ ತಿಳೀತದ
ಕಪ್ಪು ಕೊಡ್ತದೋ, ಬರೀ ಮಣ್ಣೋ.'

ಏನು ಹೇಳಲಿ?
'ಎಲ್ಲಿಂದನೂ ತಂದಿಲ್ಲ ಖಾಲಾ. ಅಲ್ಲೇನೂ ಇಲ್ಲ.
ಒಂದೊಂದು ಚುಕ್ಕಿಗೂ ಒಂದೊಂದು ದೀಪ,
ಬ್ಯಾಡಾದಲ್ಲಿ ಆರ್ತದ. ಅಷ್ಟೇ.'
'ಅಂದ್ರ ಏನೂ ಇಲ್ಲದ್ದಕ್ಕ
ಒಂದು ಲಕ್ಷ ಹದಿನೆಂಟು ಸಾವಿರ?'
ಅಳಿಯ ಕೆಮ್ಮಿದ.

ಹುಡುಗರು ಕೇಬಲ್ ಹಚ್ಚಿದರು. ಓಣಿಯ ತಂತಿ ಹಳೆಯದು.
ವಾರ್ತೆ ಓದುವವಳ ಮುಖ ನೀರಲ್ಲಿ ನೆನೆದ ರೊಟ್ಟಿ.
'ಹಳೇದ್ರಾಗ ಇದಕ್ಕಿಂತ ನೆಟ್ಟಗಿತ್ತು' ಅಂದ ಸಣ್ಣವ,
ತಲೆಗೊಂದು ಬಿತ್ತು.
ಅಷ್ಟರಲ್ಲಿ ಕರೆಂಟು ಹೋಗಿ
ಕಿಟಕಿ, ಬಿಸಿಲು, ನಮ್ಮೆಲ್ಲರ ಮುಖ
ಸಾಲಾಗಿ ಗಾಜಿನೊಳಗೆ ನಿಂತವು.
'ಬಿಸಿಲು ಬಿದ್ದರ ನಿಮ್ಮ ಕಪ್ಪು ಹೋಗ್ತದ,
ನಮ್ಮದು ಹೋಗಂಗಿಲ್ಲ.'

ನಮ್ಮನೆಯದು ಡಬ್ಬಿ ಟಿವಿ.
ಮೂಲೆಯಲ್ಲಿ ಮಗಳು ಅಯಸ್ಕಾಂತ ಹಿಡಿದ ನೇರಳೆ ಕಲೆ.
ಅದರ ರಾತ್ರಿಗೆ ಬೂದಿ ಬಣ್ಣ.
ಇಪ್ಪತ್ತು ವರ್ಷ ಅದನ್ನೇ ರಾತ್ರಿ ಅಂದುಕೊಂಡಿದ್ದೆವು,
ಹೆದರುವ ಕಡೆ ಹೆದರಿದ್ದೆವು.

ಎಂಟನೇ ದಿನ ಫೋನು: 'ಧೂಳಪ್ಪ, ಬಾ.'
ಸ್ಕ್ರೂಡ್ರೈವರ್ ಹಿಡಿದೇ ಹೋದೆ. ಏನೂ ಕೆಟ್ಟಿರಲಿಲ್ಲ.
'ನಿನ್ನಿ ದೀಪ ಆರಿಸಿ ನೋಡ್ಲತ್ತಿದ್ದೆ. ಯಾವುದೋ ಮದುವಿ.
ಒಬ್ಬಾಕಿ ಕರೀ ಶಾಲು ಹೊದ್ದಿದ್ಳು,
ಜರಿಯ ಎಳಿ ಎಣಿಸಿದೆ.
ಅಂಚಿನಾಗ ಒಂದು ಎಳಿ ತಪ್ಪಿ ಕೂಡಿಸ್ಯಾರ.'

'ಹಂಗಾರ ರೊಕ್ಕ ವಸೂಲಾತು ಅನ್ರಿ?'

ಸುರಾಯಿಯ ಕತ್ತಿಗೆ ಎಣ್ಣೆ ಉಜ್ಜುತ್ತಿದ್ದಳು.
ಕಪ್ಪು ಮೆಲ್ಲಗೆ ಏಳುತ್ತಿತ್ತು, ಬೆಳ್ಳಿ ಬಳ್ಳಿಯ ಸುತ್ತ.
'ಇನ್ನಾ ಹದಿನೇಳು ಕಂತು ಅವ.
ಆಮ್ಯಾಲ ಕೇಳು.'