ಮೈಕಿನ ರಿಕ್ಷಾ

ದಿನಕ್ಕೆ ಆರುನೂರು, ಡೀಸೆಲ್ ಬೇರೆ.
ಮೇಲೆ ಎರಡು ಲೌಡ್‌ಸ್ಪೀಕರು, ಸೀಟಿನಡಿ ಬ್ಯಾಟರಿ,
ಪೆನ್‌ಡ್ರೈವಿನೊಳಗೆ ಒಬ್ಬಳು ಹೆಂಗಸು.
'ಮಾನ್ಯ ನಾಗರಿಕರೇ' ಎನ್ನುವಳು.
ಬೋಳಾರದಲ್ಲಿ ಯಾರೂ ಯಾರನ್ನೂ
ಹಾಗೆ ಕರೆದದ್ದಿಲ್ಲ.

'ಅನಗತ್ಯವಾಗಿ ಹೊರಬರಬೇಡಿ.'
ಯಾವುದು ಅಗತ್ಯ, ಅವಳು ಹೇಳಲಿಲ್ಲ;
ಜನ ತಾವೇ ತೀರ್ಮಾನಿಸಿದರು.
ಬೂತಾಯಿ ಅಗತ್ಯ.
ಬೂತಾಯಿ ಬಂದಿಲ್ಲವೆಂದು ದಕ್ಕೆಗೆ ಹೋಗಿ
ಕಣ್ಣಾರೆ ನೋಡಿ ಬರುವುದೂ ಅಗತ್ಯ.
ಸೆರಾವೊ ಮಾಸ್ಟ್ರು ದಿನಾ ಸಂಜೆ ನಡೆಯುತ್ತಿದ್ದರು
ಕೈಯಲ್ಲಿ ಮದ್ದಿನ ಚೀಟಿ ಹಿಡಿದು,
ತೀರಿಹೋದ ಹೆಂಡತಿಯ ಹೆಸರಿನದು.
ಪೊಲೀಸರು ಓದಿ, ಮಡಚಿ, ವಾಪಸು ಕೊಡುತ್ತಿದ್ದರು.

ರೇಶನ್ ಅಂಗಡಿಯೆದುರು ಸುಣ್ಣದ ವೃತ್ತಗಳು.
ವೃತ್ತದಲ್ಲಿ ಚೀಲ ನಿಂತಿತು, ಚಪ್ಪಲಿ ನಿಂತಿತು,
ಒಂದು ಕೆಂಪುಕಲ್ಲು ಕೂಡ ತನ್ನ ಸರದಿಗೆ ಕಾಯಿತು.
ಮನುಷ್ಯರು ಬಾದಾಮಿ ಮರದಡಿ ಒತ್ತೊತ್ತಾಗಿ
ಸಾಮಾಜಿಕ ಅಂತರ ಎಂದರೆ ಎಷ್ಟು ಮೊಳ ಎಂದು
ಜಗಳಾಡಿದರು.

ಬುಟ್ಟಿ ಹೆಣೆಯುವ ಮತ್ತಾಡಿ ಒಬ್ಬಳೇ ಬಿಸಿಲಲ್ಲಿ,
ಗೆರೆಯೊಳಗೆ.
ನೆರಳಿಗೆ ಬಾ ಅಂದೆ, ರಿಕ್ಷಾ ನಿಲ್ಲಿಸಿ.
'ಸುಣ್ಣ ಹಾಕದೆಯೂ ನನ್ನಜ್ಜಿಗೆ ಗೊತ್ತಿತ್ತು
ಎಲ್ಲಿ ನಿಲ್ಲಬೇಕೂಂತ.
ಈಗ ನಿಮಗೂ ಬರೆದು ಕೊಟ್ಟಿದ್ದಾರಲ್ಲ,
ನೋಡುವಾ, ಎಷ್ಟು ದಿನ ನಿಲ್ತೀರಿ.'
ನನ್ನ ತಲೆಯ ಮೇಲಿನ ಹೆಂಗಸು ಅದೇ ಹೊತ್ತಿಗೆ
ಅಂತರ, ಅಂತರ ಎಂದಳು.
ಸ್ವಿಚ್ಚಿಗೆ ತಡಕಾಡಿದೆ.

ಮೇ ತಿಂಗಳು, ಹೊಯ್ಗೆ ಬಜಾರು, ಪೆನ್‌ಡ್ರೈವ್ ಕೆಟ್ಟಿತು.
ಆರುನೂರು ಬಿಡಲಾದೀತೆ?
ಮೈಕು ಹಿಡಿದು ನಾನೇ ಸುರು ಮಾಡಿದೆ:
'ಇಲ್ಲಡೇ ಕುಲ್ಲುಲೆ ಮಾರಾಯ್ರೆ!
ಓಯ್ ಸೇಸಮ್ಮಕ್ಕ, ಮೂಗು ಮುಚ್ಚಿಕೊಳ್ಳಿ,
ಬಾಯಿ ಹೇಗೂ ಮುಚ್ಚುವುದಿಲ್ಲ!'
ಬೀದಿ ನಕ್ಕಿತು. ನಕ್ಕು, ಒಳಗೆ ಹೋಯಿತು.
ಎರಡು ತಿಂಗಳು ಮಾನ್ಯ ನಾಗರಿಕರು ಕದಲಿರಲಿಲ್ಲ,
ಸೇಸಮ್ಮಕ್ಕ ಒಂದೇ ಮಾತಿಗೆ ಬಾಗಿಲು ಹಾಕಿದಳು.

ಸಾಹೇಬರಿಗೆ ಸುದ್ದಿ ಹೋಯಿತು. ಇನ್ನು ನೀನೇ ಹೇಳು ಅಂದರು.
ಹಾಗಾಗಿ ಜುಲೈಯಲ್ಲಿ ಆ ಕಾಗದವನ್ನೂ ನಾನೇ ಓದಿದೆ,
ಸೇಸಮ್ಮಕ್ಕನ ಓಣಿ ಸೀಲ್‌ಡೌನ್ ಎಂದು,
ಮನೆ ನಂಬರು ಸಮೇತ.
ಯಾರೂ ನಗಲಿಲ್ಲ.
ಮರುದಿನದಿಂದ ನನ್ನ ಗಾಡಿ ಬಂದರೆ
ಮಕ್ಕಳು ಕಿಟಕಿ ಎಳೆದುಕೊಂಡರು.

ಮೈಕು ಬಿಚ್ಚಿ ವರ್ಷಗಳಾದವು.
ಮೊನ್ನೆ ಸ್ಟೇಟ್‌ಬ್ಯಾಂಕ್ ಹತ್ತಿರ ಒಬ್ಬರು ಹತ್ತಿದರು,
ಕೈಯಲ್ಲಿ ಮಲ್ಲಿಗೆಯ ಚೆಂಡು, ಗುರುತಿನವರಲ್ಲ.
'ಎಲ್ಲಿಗಮ್ಮ?' ಅಂದೆ.
ಕನ್ನಡಿಯಲ್ಲಿ ಕಂಡೆ: ಅವರ ಕೈ ತಾನಾಗಿ ಮೇಲೆದ್ದು
ಸೆರಗನ್ನು ಮೂಗಿಗೆ ಒತ್ತಿತು.
ಯಾಕೆಂದು ಅವರಿಗೆ ಗೊತ್ತಿದ್ದಂತಿಲ್ಲ.

ಜೆಪ್ಪು ಬರುವವರೆಗೆ
ನಾನು ಮತ್ತೆ ಬಾಯಿ ತೆರೆಯಲಿಲ್ಲ.
ಬಾಡಿಗೆಯನ್ನೂ ಬೆರಳಲ್ಲೇ ಹೇಳಿದೆ.