ಕೂರುಮಾರಿ

ವಿದ್ಯಾನಗರದ ಕೋರ್ಟಿನಲ್ಲಿ ನನಗಿದು ಒಂಬತ್ತನೇ ತಿಂಗಳು.
ಕೋಟು ಹೊಸತು. ಗೌನು ಮಾತ್ರ
ನಿವೃತ್ತರಾದ ಕುಂಞಂಬು ಸಾರ್ ಕೊಟ್ಟದ್ದು,
ತೋಳಿನ ಮಡಿಕೆಯಲ್ಲಿ ಇನ್ನೂ ಅವರ ನಶ್ಯದ ವಾಸನೆ.
"ಸರಕಾರದ ಪರ" ಎಂದು ಎದ್ದು ನಿಲ್ಲುವಾಗ
ಈಗಲೂ ಒಮ್ಮೆ ಹಿಂದೆ ತಿರುಗಿ ನೋಡುತ್ತೇನೆ,
ಸರಕಾರ ಬಂದು ನಿಂತಿದೆಯೋ ಏನೋ.

ಪೆರ್ಲದ ಚಿಕ್ಕಮ್ಮ ಕೇಳುತ್ತಾಳೆ, ಯಾವ ಸರಕಾರ ಮಾರಾಯ್ತಿ?
ತಿರುವನಂತಪುರದ್ದು ಅನ್ನುತ್ತೇನೆ.
ಅಷ್ಟು ದೂರದ್ದಾ! ಸಂಬಳ ಸರಿ ಬರ್ತದಾ?

ಇವತ್ತು ಮಂಗಳವಾರ. ಕಲ್ಲುಕೋರೆಯ ಕೇಸು.
ಮಂಗಳವಾರ ಹುಟ್ಟಿದವನಿಗೆ ಅಂಗಾರ ಎಂದೇ ಹೆಸರಿಟ್ಟಿದ್ದರು.
ಕಲ್ಲು ಕೊಯ್ಯುವ ಯಂತ್ರದ ಚಕ್ರ ಕಳಚಿ
ತೊಡೆಗೆ ಬಂತು; ಚೆರ್ಕಳ ದಾಟುವ ಮೊದಲೇ
ಜೀಪಿನಲ್ಲಿ ಮುಗಿಯಿತು.
ಚಕ್ರಕ್ಕೆ ಕಾವಲು ತಗಡು ಇರಲಿಲ್ಲ: ಮಹಜರಿನಲ್ಲಿದೆ,
ಎಎಸ್ಸೈಯ ಉರುಟು ಮಲಯಾಳ ಅಕ್ಷರದಲ್ಲಿ.
ಕಂಡವನು ಒಬ್ಬನೇ,
ಶನಿವಾರ ಹುಟ್ಟಿದ ಚನಿಯಪ್ಪ.

ನಾನು ಕನ್ನಡದಲ್ಲಿ ಕೇಳಬೇಕು,
ಅವನು ಅರ್ಧ ತುಳುವಿನಲ್ಲಿ ಹೇಳಬೇಕು,
ಪಿಎಸ್‌ಸಿ ಪರೀಕ್ಷೆಗೆಂದು ಕಲಿತ ಮಲಯಾಳಕ್ಕೆ ನಾನದನ್ನು ತಿರುಗಿಸಬೇಕು,
ಮ್ಯಾಜಿಸ್ಟ್ರೇಟರು ಇಂಗ್ಲಿಷಿನಲ್ಲಿ ಬರೆಸಬೇಕು.
ಇಷ್ಟು ಹೊಳೆ ದಾಟಿ ಒಂದು ವಾಕ್ಯ
ಒದ್ದೆಯಾಗದೆ ಆಚೆ ಮುಟ್ಟಬೇಕು.

ಇವತ್ತು ಕಷ್ಟವಾಗಲಿಲ್ಲ.
"ನೀರು ಕುಡಿಯಲು ಹೋಗಿದ್ದೆ. ಕಂಡಿಲ್ಲ."
ಎಲ್ಲ ಭಾಷೆಯಲ್ಲೂ ಇದು ಸಣ್ಣ ವಾಕ್ಯವೇ.

ಕಳೆದ ವಾರ ಕೆಲಸದಿಂದ ಸೀದಾ ನನ್ನ ಕೋಣೆಗೆ ಬಂದು
ಚಕ್ರ ಹಾರಿದ್ದು ಹೇಗೆಂದು ಕೈಬೀಸಿ ತೋರಿಸಿದ್ದ.
ಬೆರಳು ತಾಗಿದಲ್ಲಿ
ಸುಣ್ಣದ ಗೋಡೆ ಇನ್ನೂ ಕೆಂಪಗಿದೆ.

ಅನುಮತಿ ಕೇಳಿದೆ. ನನ್ನ ಸಾಕ್ಷಿಗೆ ನನ್ನದೇ ಪಾಟೀಸವಾಲು.
ಪೊಲೀಸರಿಗೆ ಹೀಗೆ ಹೇಳಿದ್ದಿರಾ?
ಇಲ್ಲ.
ಹೀಗೆ?
ಇಲ್ಲ.
ಒಂದೊಂದು ಇಲ್ಲಕ್ಕೂ ಕಟಕಟೆಯ ಮರವನ್ನು
ಉಗುರಿನಿಂದ ಕೆರೆಯುತ್ತಿದ್ದ.
ಮಾಲಕರು ಬಿಳಿ ಪಂಚೆಯಲ್ಲಿ ನಿಂತು
ಫ್ಯಾನು ನೋಡುತ್ತಿದ್ದರು.

ಇದಕ್ಕೆ ಮಲಯಾಳದಲ್ಲಿ ಒಂದೇ ಪದ: ಕೂರುಮಾರಿ.
ಕೂರು ಅಂದರೆ ನಿಷ್ಠೆ, ಮಾರಿ ಅಂದರೆ ಬದಲಾಗಿ.
ನಾಳೆ ಪೇಪರಿನ ಮೂಲೆಯಲ್ಲಿ ಹೀಗೇ ಬರುತ್ತದೆ.
ಆದರೆ ನನ್ನ ಕಿವಿ ಊರಿನ ಕನ್ನಡ ಶಾಲೆಯದು,
ಕೂರ್ಮೆ ಎಂದರೆ ಪ್ರೀತಿ ಎಂದು
ಹಳಗನ್ನಡದ ಪಿರಿಯಡಿನಲ್ಲಿ ಹತ್ತು ಸಲ ಬರೆಸಿಕೊಂಡದ್ದು.
ಪ್ರೀತಿ ಮಾರಿದವನು, ಅನ್ನುತ್ತದೆ ಕಿವಿ.
ಎಷ್ಟಕ್ಕೆ? ಅನ್ನುತ್ತದೆ ಕಪ್ಪು ಕೋಟು.

ಗೊತ್ತಿಲ್ಲ. ಅದೇ ಕೋರೆ, ಅದೇ ಯಂತ್ರ,
ಕಾವಲು ತಗಡು ಈಗ ಹಾಕಿಸಿದ್ದಾರಂತೆ.
ಅಂಗಾರ ನಿಲ್ಲುತ್ತಿದ್ದ ಜಾಗದಲ್ಲಿ
ಈಗ ನಿಲ್ಲುವುದು ಇವನೇ.

ಬೀಳುವ ಕೇಸಿನ ಫೈಲನ್ನೂ ಬಿಗಿಯಾಗಿ ಕಟ್ಟಬೇಕು,
ಕುಂಞಂಬು ಸಾರ್ ಹೇಳಿಕೊಟ್ಟದ್ದು. ಕಟ್ಟಿದೆ.
ವರಾಂಡದಲ್ಲಿ ಅಂಗಾರನ ವೆಂಕಮ್ಮ.
ಇವತ್ತಿನ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಬಂದಿದ್ದಳು.
ಹೇಗೆ ಹೇಳಲಿ ಎಂದು ಶಬ್ದ ಹುಡುಕುವಷ್ಟರಲ್ಲಿ
ಅವಳೇ ಅಂದಳು,
"ಚನಿಯಣ್ಣ ತುಂಬ ಸಪುರ ಆಗಿದ್ದಾರೆ, ಅಲ್ವಾ?"

ಐದೂವರೆಯ ಪೆರ್ಲದ ಬಸ್ಸು. ಕಾಲಿಡಲು ಜಾಗವಿಲ್ಲ.
ನಾಯನ್ಮಾರ್‌ಮೂಲೆ ಕಳೆದ ಮೇಲೆ ಕಂಡೆ,
ಕಿಟಕಿಯ ಹತ್ತಿರ ಅವನು.
ಅವನೂ ಕಂಡ. ಎದ್ದ.
"ಕೂರಿ ಮೇಡಂ."

ಬೇಡ ಅನ್ನಬಹುದಿತ್ತು. ಕೂತೆ.
ರೆಕ್ಸಿನ್ ಬೆಚ್ಚಗಿತ್ತು.
ಮೇಲಿನ ಕಂಬಿಗೆ ಜೋತ ಅವನ ಕೈ
ಎಡನೀರು ದಾಟುವವರೆಗೂ ನನ್ನ ಕಣ್ಣೆದುರೇ,
ಉಗುರಿನ ಸಂದಿಯಲ್ಲಿ ಕೋರ್ಟಿನ ವಾರ್ನಿಶು.

ನೆಲ್ಲಿಕಟ್ಟೆಯಲ್ಲಿ ಇಳಿಯುವಾಗ
ಬಗ್ಗಿ, ಗುಟ್ಟು ಹೇಳುವವನ ಹಾಗೆ ಅಂದ:
"ನಿಮ್ಮ ಮಲಯಾಳ ಚಂದ ಉಂಟು."

ಹೊಗಳಿದನೋ, ಲೆಕ್ಕ ಚುಕ್ತಾ ಮಾಡಿದನೋ.
ಕಂಡಕ್ಟರ್ ಬೆಲ್ ಎಳೆದ.
ಅವನು ಬಿಟ್ಟು ಹೋದ ಬಿಸಿ
ಅಷ್ಟರಲ್ಲಿ ನನ್ನದಾಗಿತ್ತು.