ಮೀನಿನ ಹರಾಜು ನಿಂತ ರಾತ್ರಿ

ಕ್ಲಾಕ್ಸ್‌ವೀಕ್ ಬಂದರು, ಫೆಬ್ರವರಿಯ ಮಂಗಳವಾರ.
ಹನ್ನೊಂದು ಟನ್ ಕಾಡ್ ಮೀನು ಮಂಜುಗಡ್ಡೆಯ ಮೇಲೆ ಮಲಗಿದೆ,
ತೂಕದ ಯಂತ್ರ ಏಳಲೊಲ್ಲದು.
ಪರದೆಯ ತುಂಬ ಯಾರದೋ ಕೆಂಪು ಅಕ್ಷರ:
ದುಡ್ಡು ಕೊಡಿ, ನಿಮ್ಮ ಲೆಕ್ಕ ನಿಮಗೆ.

ಪ್ರೋಗ್ರಾಮು ಬರೆದದ್ದು ನಾನು.
ಅದಕ್ಕೇ ಇರಬೇಕು, ಬಾಯಿಗೆ ಮೊದಲು ಬಂದದ್ದು
‘ಒತ್ತಿದ್ದು ಯಾರು?’

ಟುಮ್ಮಾಸ್ ಕೈ ಎತ್ತಿದ.
ಹಳೆಯ ವಿಂಚು ಎರಡು ಬೆರಳು ತಿಂದುಬಿಟ್ಟ ಕೈ.
ಬಂದರು ಕಚೇರಿಯ ಹೆಸರು, ಸುಂಕದ ರಸೀತಿ ಅಂತ ಒಕ್ಕಣೆ,
ತೆರೆದಿದ್ದಾನೆ.
ದಿನಕ್ಕೆ ನಲವತ್ತು ಇಮೇಲ್ ತೆರೆಯಲೆಂದೇ ಅವನಿಗೆ ಸಂಬಳ;
ನಲವತ್ತೊಂದನೆಯದನ್ನು ಮಾತ್ರ ತೆರೆಯಬಾರದಿತ್ತಂತೆ.

ಮರ್ಯೂನ್ ಮೇಡಂ ಬಂದರು, ರಾತ್ರಿಯುಡುಪಿನ ಮೇಲೆ ಉಣ್ಣೆಯ ಕೋಟು.
ನಿವೃತ್ತರಾಗಿ ಆರು ವರ್ಷ. ನನಗೆ ಕಲಿಸಿದವರು.
ಕೂರಲಿಲ್ಲ. ಟುಮ್ಮಾಸನ ಕಡೆ ನೋಡಲೂ ಇಲ್ಲ.
‘ಬ್ಯಾಕಪ್?’
‘ದಿನಾ ರಾತ್ರಿ ಎರಡಕ್ಕೆ. ಹಸಿರು ದೀಪ ಬರುತ್ತೆ.’
‘ದೀಪ ಬಿಡು. ಅದರಿಂದ ಒಂದು ಸಲವಾದರೂ ವಾಪಸ್ ತಂದಿದ್ದೀಯಾ?’

ಹೊರಗೆ ಯಾವುದೋ ದೋಣಿಯ ಎಂಜಿನ್ ಕೆಮ್ಮಿತು.

ಜುಲೈಯಲ್ಲಿ ನಾನೇ ಒಂದು ಫೋಲ್ಡರಿನ ಹೆಸರು ಬದಲಿಸಿದ್ದೆ,
ಚಂದ ಕಾಣಲಿ ಅಂತ.
ಅಂದಿನಿಂದ ಯಂತ್ರ ರಾತ್ರಿ ರಾತ್ರಿ ಎದ್ದು
ಏನೂ ಇಲ್ಲದ್ದನ್ನು ಜೋಪಾನವಾಗಿ ನಕಲು ಮಾಡಿದೆ,
ದೀಪ ಹಚ್ಚಿದೆ, ಮಲಗಿದೆ.
ಕನ್ನಡಿಯೊಳಗಿನ ಗಂಟು. ಅದಕ್ಕೆ ನಾನು ಬೀಗ ಬೇರೆ ಹಾಕಿದ್ದೆ.

ಮೊದಲ ವರ್ಷ ಮೂರು ವಾರ ಮೇಡಂ ಕಂಪ್ಯೂಟರ್ ಮುಟ್ಟಗೊಡಲಿಲ್ಲ.
ಸತ್ತುಹೋದ ಯಾರೋ ಬರೆದ ದೋಣಿ ವೇಳಾಪಟ್ಟಿಯ ಪ್ರೋಗ್ರಾಮು,
ಕಾಗದದ ಮೇಲೆ. ಗಟ್ಟಿಯಾಗಿ ಓದಿ, ಅಂದರು.
ಪಕ್ಕದ ತರಗತಿ ಆಗಲೇ ಆಟ ಕಟ್ಟಿ ಆಡುತ್ತಿತ್ತು;
ನಾವು ಸಾಲು ಸಾಲು ತಡವರಿಸಿ, ಒಳಗೊಳಗೇ ಬೈದು,
ಇನ್ನೂರ ಹದಿಮೂರನೆಯ ಸಾಲಿಗೆ ಬಂದರೆ ಒಂದು ಟಿಪ್ಪಣಿ:
‘ಇದನ್ನು ತೆಗೆಯಬೇಡಿ. ಭಾನುವಾರ ಕಾಲ್ಸಾಯ್ ದೋಣಿ
ಪ್ರಾರ್ಥನೆ ಮುಗಿಯುವ ತನಕ ಕಾಯುತ್ತದೆ.’
ಏನು ಮಾಡುತ್ತದೆಂದು ಸಾಲೇ ಹೇಳುತ್ತದೆ,
ಯಾಕೆಂದು ಹೇಳಲು ಮನುಷ್ಯರು ಬೇಕು, ಅಂದರು.
ಬರೆದುಕೊಂಡೆ. ಪರೀಕ್ಷೆಗೆ ಬರಲಿಲ್ಲ.
ಬಂದದ್ದು, ಸಂಖ್ಯೆಗಳನ್ನು ಏರಿಕೆಯಲ್ಲಿ ಜೋಡಿಸುವ ಆರು ವಿಧಾನ.
ಆರಕ್ಕಾರೂ ಬರೆದೆ. ಇಂದಿಗೂ ಒಂದನ್ನೂ ಬಳಸಿಲ್ಲ.

ತೂಕದ ಯಂತ್ರದ ಅಡಿ ಅಂಟಿಸಿದ ಚೀಟಿ ಸಿಕ್ಕಿತು: ಪಾಸ್‌ವರ್ಡು.
ಹರಿಯಲು ಹೋದೆ. ಮೇಡಂ ಕೈ ಹಿಡಿದರು.
‘ತಿಂಗಳಿಗೊಮ್ಮೆ ಬದಲಿಸು ಅಂದವರು ಯಾರು?’
ನಾನೇ.
‘ಮೂವತ್ತು ಬಗೆಯ ಗಂಟು ಕಣ್ಣುಮುಚ್ಚಿ ಹಾಕುವವನು ಇವನು.
ನಿನ್ನ ತಿಂಗಳ ಹೊಸ ಮಾತು ಮರೆತರೆ, ಅದು ಮರೆವಲ್ಲ.’

ಮೂರೂವರೆಗೆ ಉಗ್ರಾಣದಿಂದ ಕಬ್ಬಿಣದ ತಕ್ಕಡಿ ಬಂತು,
ಕರಿಹಲಗೆ ಬಂತು, ಸೀಮೆಸುಣ್ಣ ಬಂತು.
ಟುಮ್ಮಾಸ್ ಮೂರು ಬೆರಳಲ್ಲಿ ತೂಕ ಬರೆದ,
ಕೂಗಿದ. ಮೀನು ಮಾರಿಹೋಯಿತು.
ಬೆಳಗಾಗುವ ಹೊತ್ತಿಗೆ ಕಾಫಿ ಕೊಡುತ್ತ ಮೆಲ್ಲಗೆ ಹೇಳಿದ:
‘ಹಡಗಲ್ಲಿ ತಿಂಗಳಿಗೊಮ್ಮೆ ಜೀವದೋಣಿ ನೀರಿಗಿಳಿಸುತ್ತಿದ್ದೆವು.
ಬಣ್ಣ ಹೊಡೆದು ನೇತುಹಾಕಿದ್ದು ದೋಣಿಯೋ ಅಲಂಕಾರವೋ,
ನೀರಿಗೆ ಗೊತ್ತಿರುತ್ತೆ.’

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು, ಬಲ್ಲೆ.
ಆದರೂ ಹಾಕಲೇಬೇಕು, ದಾರಿ ಕಂಡವರು ಮತ್ತೆ ಬರುತ್ತಾರೆ.

ವಿಮೆಯವರ ಅರ್ಜಿಯಲ್ಲಿ ಒಂದು ಖಾಲಿ ಚೌಕ:
ತಪ್ಪು ಮಾಡಿದವರ ಹೆಸರು.
ಟುಮ್ಮಾಸ್ ಪೆನ್ನು ಕೇಳಿದ. ಕೊಡಲಿಲ್ಲ.
ಒಂದು ಬೆರಳು ತಾಕಿದರೆ ಕುಸಿಯುವ ಮನೆ
ಕಟ್ಟಿದವಳ ಹೆಸರು ನನಗೆ ಗೊತ್ತಿತ್ತು.
ಚೌಕ ಚಿಕ್ಕದು. ಹೆಸರು ಹಿಡಿಸಿತು.